ಹದಿನಾರು ಹಲ್ಲಿನ ಕೋಟೆ

ಸಂಜೆ ಏಳಾದರೂ ಬಳ್ಳಾರಿಯ ರಸ್ತೆ ಕಾದ ಹಂಚೇ. ನಾವು ನಾಲ್ವರು ಎಂದಿನ ಬಂಡಿಯ ಹತ್ತಿರ ಒಗ್ಗರಣೆ ಮಿರ್ಚಿ ತಿನ್ನುತ್ತ ನಿಂತಿದ್ದೆವು. ನನ್ನ ತೋರುಬೆರಳಿನ ಪಟ್ಟಿ ಮೊದಲು ಕಂಡದ್ದು ಮೇಷ್ಟ್ರಿಗೆ.

"ಏನ್ರೀ, ನಾಯಿ ಕಚ್ಚಿತಾ?"

"ಇಲ್ಲ ಮೇಷ್ಟ್ರೇ. ಮಗಳು."

ಮಗಳಿಗೆ ಮುಂದಿನ ತಿಂಗಳು ಎರಡು ತುಂಬುತ್ತದೆ. ಹಲ್ಲು 16. ಹದಿನಾರೂ ಗಟ್ಟಿಯಾಗಿವೆ ಅನ್ನೋದಕ್ಕೆ ನನ್ನ ಬೆರಳೇ ಸಾಕ್ಷಿ. ಮಂಡಕ್ಕಿಗೆ ಬಾಯಿ ತೆರೆಯುತ್ತಾಳೆ, ಬೆಲ್ಲಕ್ಕೆ ತೆರೆಯುತ್ತಾಳೆ, ಪಕ್ಕದ ಮನೆಯವರ ಮೊಬೈಲ್ ನೆಕ್ಕೋದಕ್ಕೂ ತೆರೆಯುತ್ತಾಳೆ. ಬ್ರಷ್ ಕಂಡರೆ ಮಾತ್ರ ಬಾಯಿಗೆ ಬೀಗ.

"ಬೀಗ ಅಲ್ಲಪ್ಪ, ಜಿಪ್," ಅಂದ ಜೀನ್ಸ್. ಅವನಿಗೆ ಬೇರೆ ಹೆಸರಿದೆ. ಜೀನ್ಸ್ ಹೊಲಿಸುವ ಯೂನಿಟ್ ಇಟ್ಟ ಮೇಲೆ ಅದನ್ನು ಅವನ ಹೆಂಡತಿಯೂ ಮರೆತಂತಿದೆ. "ನಮ್ಮ ಹುಡುಗ ಜಿಪ್ ಎಳೆದು, ಮೇಲೊಂದು ಗುಂಡಿನೂ ಹಾಕ್ಕೊಳ್ತಾನೆ."

ಮೇಷ್ಟ್ರಿಗೆ ಇದೆಲ್ಲ ಅತಿ ಅನಿಸಿತು. "ನಮಗೆ ಯಾರು ಹಾಡು ಹಾಡಿ ತಿಕ್ಕಿಸಿದ್ರು? ಬೇವಿನ ಕಡ್ಡಿ, ಇಲ್ಲಾಂದ್ರೆ ಇಜ್ಜಲು, ಉಪ್ಪು. ಮುಗೀತು."

"ಅದಕ್ಕೇ ಅಲ್ವಾ, ನೀವು ಮಿರ್ಚಿ ಎಡಗಡೆ ಮಾತ್ರ ಅಗಿಯೋದು?"

ಮೇಷ್ಟ್ರು ತಕ್ಷಣ ಬಲಗಡೆಗೆ ತಳ್ಳಿ ತೋರಿಸಲು ಹೋದರು. ಮುಖ ಕಿವುಚಿತು. ಸುಮ್ಮನೆ ಎಡಕ್ಕೇ ತಂದುಕೊಂಡರು.

"ಆದ್ರೂ ಹಾಲುಹಲ್ಲು ತಾನೇ? ಬೀಳೋ ಹಲ್ಲಿಗೆ ಇಷ್ಟು ರಾಮಾಯಣ ಯಾಕೆ?" ಮೇಷ್ಟ್ರು ಬಿಡಲಿಲ್ಲ.

ಇಷ್ಟು ಹೊತ್ತು ತಟ್ಟೆಯಲ್ಲೇ ಮುಳುಗಿದ್ದ ಮೆಡಿಕಲ್ ತಲೆ ಎತ್ತಿದ. ಔಷಧಿ ಅಂಗಡಿ ಅವನದು. ಡಾಕ್ಟರಲ್ಲ, ಆದರೆ ಚೀಟಿ ಓದಿ ಓದಿ ಅರ್ಧ ಡಾಕ್ಟರು. "ಮೇಷ್ಟ್ರೇ, ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳ್ತವೆ, ಸರಿ. ಹಿಂದಿನ ದವಡೆ ಹಲ್ಲು 10, 12 ವರ್ಷದ ತನಕ ಇರ್ತವೆ. ಹತ್ತು ವರ್ಷ ಇರೋ ಬಾಡಿಗೆ ಮನೆ ಕಸ ಗುಡಿಸಲ್ವಾ ನೀವು?"

ಮೇಷ್ಟ್ರು ಬಾಡಿಗೆ ಮನೆಯಲ್ಲೇ ಇದ್ದಾರೆ. ಮಾತು ನಾಟಿತು.

ಜೀನ್ಸ್‌ಗೆ ಬೇರೆಯದೇ ಚಿಂತೆ. "ಪೇಸ್ಟಿನಲ್ಲಿ ಫ್ಲೋರೈಡ್ ಇರುತ್ತಲ್ಲ? ನಮ್ಮ ಹಳ್ಳಿ ಬೋರ್‌ವೆಲ್‌ನಲ್ಲೇ ಅದು ಬೇಕಾದಷ್ಟಿದೆ. ನೋಡಿಲ್ಲಿ," ಅಂತ ತುಟಿ ಎತ್ತಿ ತೋರಿಸಿದ. ಬಿಳಿ ಮೇಲೆ ಕಂದು ಗೆರೆ. "ಹುಟ್ಟಾ ಸ್ಟೋನ್‌ವಾಶ್. ಎಷ್ಟು ತಿಕ್ಕಿದ್ರೂ ಹೋಗಲ್ಲ."

ನಗು ಬಂದರೂ ಪೂರ್ತಿ ನಗಲಾಗಲಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಇಂಥ ಹಲ್ಲು ಎಲ್ಲರೂ ಕಂಡವೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟಿವೆ. ಹಲ್ಲು ಇನ್ನೂ ಒಸಡಿನೊಳಗೆ ತಯಾರಾಗುವಾಗಲೇ ಆ ಬಣ್ಣ ಹಿಡಿದುಬಿಡುತ್ತದೆ ಅಂದ ಮೆಡಿಕಲ್. ಜಾಸ್ತಿ ನುಂಗಿದರೆ ಕಷ್ಟ, ಹಲ್ಲಿಗೆ ಚೂರು ಸವರಿದರೆ ಹುಳುಕು ತಡೆಯುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು ಸಾಕು. ಮನೆಗೆ ಬೋರ್‌ವೆಲ್ ನೀರೇ ಗತಿಯಾದರೆ ಹಲ್ಲಿನ ಡಾಕ್ಟರನ್ನು ಒಂದು ಮಾತು ಕೇಳಬೇಕು.

"ಅಕ್ಕಿಕಾಳು ಅಂದ್ರೆ ಯಾವ ಅಕ್ಕಿ? ಗಂಗಾವತಿ ಸೋನಾ ಮಸೂರಿನಾ, ದೋಸೆ ಅಕ್ಕಿನಾ?"

"ಸೋನಾ ಮಸೂರಿ," ಅಂದ ಮೆಡಿಕಲ್, ಗಂಭೀರವಾಗಿ. ನಾನು ಇಷ್ಟು ದಿನ ಟಿವಿ ಜಾಹೀರಾತಿನಂತೆ ಬ್ರಷ್ ಉದ್ದಕ್ಕೂ ಅಲೆ ಅಲೆಯಾಗಿ ಹಾಕುತ್ತಿದ್ದೆ. ಬಾಯಿ ತೆರೆಯದಿದ್ದದ್ದೇ ಒಳ್ಳೆಯದಾಯಿತು.

"ಪೇಸ್ಟ್ ಬಿಡ್ರಿ. ಒಳಗೆ ಹೋಗೋದು ಹೇಗೆ, ಅದನ್ನ ಹೇಳಿ," ಅಂದೆ.

ಇತಿಹಾಸದ ಮೇಷ್ಟ್ರು ಎದುರಿನ ಗುಡ್ಡದ ಕಡೆ ಕೈ ತೋರಿಸಿದರು. ಅವರಿಗೆ ಮೂಗು ನೆಗಡಿಯಾದರೂ ಕಾರಣ ಕೋಟೆಯಲ್ಲೇ ಸಿಗುತ್ತದೆ. "ಅಲ್ಲಿ ಎರಡು ಕೋಟೆ. ಮೇಲಿನದು ಹನುಮಪ್ಪ ನಾಯಕನದು, ಕೆಳಗಿನದು ಹೈದರ್ ಅಲಿ ಕಟ್ಟಿಸಿದ್ದು. ಹೈದರ್ ಫ್ರೆಂಚ್ ಇಂಜಿನಿಯರನ್ನ ಕರೆಸಿದ್ದ. ಎಲ್ಲ ಮುಗಿದ ಮೇಲೆ ನೋಡಿದ್ರೆ ಪಕ್ಕದ ಕುಂಬಾರ ಗುಡ್ಡ ಇನ್ನೂ ಎತ್ತರ! ಅಲ್ಲಿ ನಿಂತ್ರೆ ಕೋಟೆ ಒಳಗೆಲ್ಲ ಕಾಣುತ್ತೆ. ಸಿಟ್ಟಿಗೆ ಅವನನ್ನ ನೇಣಿಗೆ ಹಾಕಿಸಿದನಂತೆ."

"ಮೇಷ್ಟ್ರೇ, ನನ್ನ ಮಗಳ ಹಲ್ಲು..."

"ಅದನ್ನೇ ಹೇಳ್ತಿರೋದು. ನೀವು ಬಾಗಿಲ ಎದುರಿನಿಂದ ನುಗ್ತೀರಿ. ಕುಂಬಾರ ಗುಡ್ಡ ಹತ್ತಿ."

ಮೆಡಿಕಲ್ ತಟ್ಟೆ ಕೆಳಗಿಟ್ಟ. "ಲೇ, ಹಲ್ಲಿನ ಡಾಕ್ಟರು ಮಾಡೋದೂ ಅದನ್ನೇ! ಇಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂತ್ಕೋಬೇಕು. ಮಗುವನ್ನ ಹಿಂದಕ್ಕೆ ಒರಗಿಸಿ ತಲೆ ನಿನ್ನ ತೊಡೆ ಮೇಲೆ. ಮೇಲಿಂದ ನೋಡಿದ್ರೆ ಎರಡೂ ಕೋಟೆ ಕಾಣುತ್ತೆ. ಮೇಲಿನ ಕೋಟೆ ಮರೀಬೇಡ. ಬಾಟಲಿ ಬಾಯಲ್ಲಿಟ್ಟು ಮಲಗೋ ಮಕ್ಕಳಿಗೆ ಮೊದಲು ಹುಳುಕು ಹಿಡಿಯೋದು ಮೇಲಿನ ಮುಂದಿನ ಹಲ್ಲಿಗೆ. ಕೆಳಗಿನದಕ್ಕೆ ನಾಲಿಗೆ ಕಾವಲಿದೆ."

ಅಂದು ರಾತ್ರಿಯೇ ಕೂತೆವು. ಮದುವೆಯಲ್ಲಿ ಅಂತರಪಟ ಸರಿದ ಮೇಲೆ ನಾನೂ ನನ್ನ ಹೆಂಡತಿಯೂ ಇಷ್ಟು ಎದುರುಬದುರು ಕೂತದ್ದು ಇದೇ ಮೊದಲು. ಇಬ್ಬರಿಗೂ ನಗು. ನಾವು ನಗುವುದು ನೋಡಿ ಮಗಳೂ ನಕ್ಕಳು, ಬಾಯಿ ತೆರೆಯಿತು, ಕೆಳಗಿನ ನಾಲ್ಕು ಹಲ್ಲು ಮುಗಿಯಿತು. ಆಮೇಲೆ ಜಿಪ್.

ಜಿಪ್ ಬಿಚ್ಚಿದ್ದು ಗಿಳಿ. ಕಿನ್ನಾಳದ ಮರದ ಗಿಳಿ, ನನ್ನ ಅತ್ತೆ ಕೊಪ್ಪಳದಿಂದ ತಂದಿದ್ದರು. ಮಗಳು ಎದ್ದು ಕೂತು, ಬ್ರಷ್ ಕಸಿದುಕೊಂಡು, ಗಿಳಿಯ ಕೆಂಪು ಕೊಕ್ಕನ್ನು ಬಗ್ಗಿ ಬಗ್ಗಿ ತಿಕ್ಕಿದಳು. ಗಿಳಿಗೆ ಹಲ್ಲಿಲ್ಲ ಅಂತ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗಿಳಿಯದಾದ ಮೇಲೆ ತಾನೇ ಮಲಗಿ "ಆ" ಅಂದಳು. ಆರು, ಏಳು, ಎಂಟು ಅಂತ ಎಣಿಸುತ್ತ ಮೇಲಿನ ಕೋಟೆಗೂ ಹೋಗಿ ಬಂದೆ.

ಮಾರನೆಯ ಸಂಜೆ ಬಂಡಿಯ ಹತ್ತಿರ ನನ್ನ ಭಾಷಣವೇ ಭಾಷಣ. ಬೆಳಗ್ಗೆ ತಿಕ್ಕಿದರೆ ಸಾಲದು, ರಾತ್ರಿ ಮಲಗುವ ಮುಂಚಿನದೇ ಮುಖ್ಯ, ನಿದ್ದೆಯಲ್ಲಿ ಜೊಲ್ಲು ಕಡಿಮೆ, ಅಂಟಿದ್ದು ಅಂಟಿದಂತೆ ಇರುತ್ತದೆ, ಹೀಗೆ. ಪೂರಾ ಮೆಡಿಕಲ್ ಹೇಳಿಕೊಟ್ಟದ್ದೇ.

ಬಂಡಿಯವನು ಮಿರ್ಚಿ ತಿರುವಿಹಾಕುತ್ತ ಕೇಳಿದ, "ಅಣ್ಣಾರೇ, ನೀವು ರಾತ್ರಿ ತಿಕ್ತೀರೇನು?"

ಎಣ್ಣೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೇಷ್ಟ್ರು ಕೋಟೆ ನೋಡಿದರು. ಜೀನ್ಸ್ ಚಪ್ಪಲಿ ನೋಡಿದ. ಮೆಡಿಕಲ್‌ಗೆ ಇದ್ದಕ್ಕಿದ್ದಂತೆ ಅಂಗಡಿ ನೆನಪಾಯಿತು. ಹೊರಟವನ ಹಿಂದೆಯೇ ಮೇಷ್ಟ್ರು, "ನಿಮ್ಮಲ್ಲಿ ಮೆತ್ತನೆ ಬ್ರಷ್ ಇದೆಯೇನ್ರೀ, ದೊಡ್ಡವರದು?" ಅಂತ ಮೆಲ್ಲಗೆ ಹೋದರು.

ಮನೆಗೆ ಬಂದಾಗ ಮಗಳು ಚಾಪೆ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಗಿಳಿ, ಕೈಯಲ್ಲಿ ಬ್ರಷ್. ತೊಡೆ ತಟ್ಟಿ "ಅಪ್ಪಾ, ಮಲಕೋ" ಅಂದಳು. ನನ್ನ ತಲೆ ಅವಳ ತೊಡೆಗಿಂತ ದೊಡ್ಡದು, ಹೇಗೋ ಹೊಂದಿಸಿದೆ. ಬಾಯಿ ಮೂಸಿ "ಖಾಲ" ಅಂದಳು. ಗಿಳಿಯ ಕೊಕ್ಕಿನಿಂದ ಬ್ರಷ್ ನೇರ ನನ್ನ ಬಾಯಿಗೆ ಬಂತು, ಹಿಂದೆಯೇ ಒಂದು ಪುಟ್ಟ ತೋರುಬೆರಳು.

"ಅಪ್ಪಾ, ಕಚ್ಚಬ್ಯಾಡ."