ಸದ್ದಿಲ್ಲದ ಬಡಾವಣೆಯಲ್ಲಿ ಮನೆ ತಗೊಂಡವರು ನಿಮ್ಮ ಅನುಭವ ಹೇಳಿ

ಈಗಿರುವುದು ನಗರದ ನಡುವೆ, ಬಾಡಿಗೆ ಮನೆ. ನಗರದ ಅಂಚಿನಲ್ಲಿ ಒಂದು ಬಡಾವಣೆ ನೋಡಿ ಬಂದೆವು. ಸಾಲು ಮರ, ಬಿಡಿ ಬಿಡಿ ಮನೆಗಳು, ಮುಂದೆ ಚಿಕ್ಕ ಅಂಗಳ, ನಡುರಸ್ತೆಯಲ್ಲಿ ನಾಯಿ ಮಲಗಿದ್ದರೂ ಏಳಿಸುವವರಿಲ್ಲ. ಭಾನುವಾರ ಬೆಳಿಗ್ಗೆ ಹೋದದ್ದು, ಅಲ್ಲೇ ಮನಸ್ಸು ಬಿಟ್ಟು ಬಂದ ಹಾಗಾಗಿದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಆರು ವರ್ಷದ ಮಗಳಿದ್ದಾಳೆ, ಅಮ್ಮ ಜೊತೆಗಿದ್ದಾರೆ. ಮುಂಗಡ ಕೊಡುವ ಮೊದಲು ಏನೇನು ನೋಡಬೇಕು? ತಗೊಂಡು ಬೇಜಾರಾದವರಿದ್ದರೆ ಅವರೂ ಹೇಳಿ.

*

ಒಂಬತ್ತು ವರ್ಷದಿಂದ ಇಂಥದ್ದೇ ಬಡಾವಣೆಯಲ್ಲಿದ್ದೇನೆ. ಅಲ್ಲಿ ಸದ್ದು ಯಾಕಿಲ್ಲ ಅಂತ ಯೋಚಿಸಿದ್ದೀರಾ? ನಾವು ಯೋಚಿಸಲಿಲ್ಲ. ನಮ್ಮ ಬೀದಿ ಅಷ್ಟು ತಣ್ಣಗಿದ್ದದ್ದು ಅಕ್ಕಪಕ್ಕದ ಸೈಟುಗಳು ಖಾಲಿ ಇದ್ದವು ಅನ್ನುವ ಒಂದೇ ಕಾರಣಕ್ಕೆ. ನಾವು ಬಂದ ಎರಡನೇ ವರ್ಷ ಎದುರಿಗೆ ಪಾಯ ತೆಗೆದರು, ಅದು ಮುಗಿಯುವಷ್ಟರಲ್ಲಿ ಪಕ್ಕದವರು ಶುರು ಮಾಡಿದರು, ಹೀಗೆ ಐದು ವರ್ಷ ಜಲ್ಲಿ ಲಾರಿ, ಕಂಬಿ ಬಡಿಯುವ ಸದ್ದು, ಬೆಳಗಿನಿಂದ ಸಂಜೆವರೆಗೆ ಟೈಲ್ಸ್ ಕೊಯ್ಯುವ ಆ ಕಿರ್ರ್ ಸದ್ದು. ಯಾರದ್ದೂ ತಪ್ಪಲ್ಲ, ಅವರ ಸೈಟು ಅವರು ಕಟ್ಟಿದರು.

ರಸ್ತೆ ಹಾಕಿರುವ ರೀತಿಯಿಂದ ಬಂದ ಮೌನ ಬೇರೆ. ಬೀದಿ ಒಳಗೆ ಹೋಗಿ ಅಲ್ಲೇ ಮುಗಿದರೆ ಅಲ್ಲಿನವರ ಗಾಡಿ ಬಿಟ್ಟು ಇನ್ಯಾರದ್ದೂ ಬರುವುದಿಲ್ಲ. ಇದೇನು ಹೊಸದಲ್ಲ, ಅಮೆರಿಕದ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್ ಅನ್ನುವ ಬಡಾವಣೆಯನ್ನು 1929ರಲ್ಲೇ ಹೀಗೆ ಯೋಜಿಸಿದ್ದರು, ಕಾರಿನ ಓಡಾಟ ಹೊರಗೆ, ಮನೆಗಳು ಒಳಗಿನ ಕೊನೆಗಟ್ಟುವ ಬೀದಿಗಳಲ್ಲಿ. ಇಂಥ ಮೌನ ಬಾಳಿಕೆ ಬರುತ್ತದೆ. ಆದರೆ ಕೊನೆ ಅನ್ನುವುದು ನಿಜವಾದ ಕೊನೆಯೇನಾ ನೋಡಿ. ಬರೀ ತಂತಿ ಬೇಲಿ ಹಾಕಿ ಬಿಟ್ಟಿದ್ದರೆ ನನಗಂತೂ ಅನುಮಾನ. ನಗರದ ಮಾಸ್ಟರ್ ಪ್ಲಾನ್ ತೆಗೆಸಿ, ಬೇಲಿಯ ಆಚೆ ಏನು ಬರೆದಿದೆ ಅಂತ ನೀವೇ ಕಣ್ಣಾರೆ ನೋಡಿ. ಬ್ರೋಕರ್ ಬಾಯಲ್ಲಿ ಕೇಳಬೇಡಿ.

*

ಭಾನುವಾರ ಬೆಳಿಗ್ಗೆ ಯಾವ ಬೀದಿಯಾದರೂ ಚೆನ್ನಾಗಿರುತ್ತದೆ ಬಿಡಿ! ಕೆಲಸದ ದಿನ ಬೆಳಿಗ್ಗೆ ಎಂಟೂವರೆಗೆ ಹೋಗಿ. ನಮ್ಮ ಬೀದಿ ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸುವ ಒಳದಾರಿ ಅಂತ ನಮಗೆ ಗೊತ್ತೇ ಇರಲಿಲ್ಲ. ಫೋನಿನ ಮ್ಯಾಪಿಗೆ ಗೊತ್ತಿತ್ತು.

*

ಸದ್ದಿನ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಅದರಲ್ಲೇ ಮೋಸ ಹೋದವನು. ಮುಖ್ಯರಸ್ತೆಯಿಂದ ಅಷ್ಟು ದೂರ ಇದೆ, ನಡುವೆ ಮರ ಬೇರೆ ಇವೆ ಅಂದುಕೊಂಡು ತಗೊಂಡೆ. ಆಮೇಲೆ ತಿಳಿದದ್ದು: ಎಡೆಬಿಡದೆ ಗಾಡಿ ಓಡುವ ರಸ್ತೆಯಿಂದ ದೂರ ಎರಡು ಪಟ್ಟಾದರೂ ಸದ್ದು ಇಳಿಯುವುದು ಸುಮಾರು 3 ಡೆಸಿಬಲ್ ಮಾತ್ರ. ಕಿವಿಗೆ ಅರ್ಧ ಆಯಿತು ಅನ್ನಿಸಬೇಕಾದರೆ 10 ಡೆಸಿಬಲ್ ಇಳಿಯಬೇಕು. ಒಂದು ಸಾಲು ಮರದಿಂದ ಕಣ್ಣಿಗೆ ತಂಪು, ಕಿವಿಗೆ ಏನೂ ಇಲ್ಲ. ನಡುವೆ ಒತ್ತಾಗಿ ಮನೆಗಳ ಸಾಲೋ ಎತ್ತರದ ಗಟ್ಟಿ ಗೋಡೆಯೋ ಇದ್ದರೆ ಬೇರೆ ಮಾತು.

ರಾತ್ರಿ ಇನ್ನೊಂದು ಆಟ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗೇ ಇರುತ್ತದೆ, ಆಗ ಸದ್ದು ಮೇಲಕ್ಕೆ ಹೋಗದೆ ಕೆಳಕ್ಕೆ ಬಾಗಿ ದೂರ ದೂರಕ್ಕೆ ಕೇಳುತ್ತದೆ. ಹಗಲು ಇಲ್ಲವೇ ಇಲ್ಲ ಅನ್ನಿಸಿದ ರೈಲು ರಾತ್ರಿ ಹಾಸಿಗೆ ಪಕ್ಕದಲ್ಲೇ ಹೋದ ಹಾಗಿರುತ್ತದೆ. ಹತ್ತಿರದಲ್ಲಿ ವಿಮಾನ ನಿಲ್ದಾಣ ಇದ್ದರೆ ಅದನ್ನೂ ಕೇಳಿ. ವಿಮಾನಗಳು ಗಾಳಿಗೆ ಎದುರಾಗಿ ಏರುತ್ತವೆ, ಇಳಿಯುತ್ತವೆ. ಗಾಳಿಯ ದಿಕ್ಕು ಬದಲಾದ ತಿಂಗಳು ದಾರಿಯೂ ಬದಲಾಗುತ್ತದೆ. ನೀವು ನೋಡಲು ಹೋದಾಗ ತಲೆ ಮೇಲೆ ಒಂದೂ ಹೋಗಲಿಲ್ಲ ಅಂದರೆ ಅದು ಆ ತಿಂಗಳ ಮಾತು ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆಂದು 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ರಾತ್ರಿ ಹೊತ್ತು ವಾಹನದ ಸದ್ದು ಮನೆಯ ಹೊರಗೆ ಸರಾಸರಿ 45 ಡೆಸಿಬಲ್ ಒಳಗಿರಬೇಕು ಅಂತಿದೆ. ಫೋನಿನ ಆ್ಯಪ್ ಅಷ್ಟು ಕರಾರುವಾಕ್ಕಲ್ಲ, ಆದರೂ ಎರಡು ಮನೆ ಹೋಲಿಸಿ ನೋಡಲು ಸಾಕು. ಇನ್ನು ಮುಂದೆ ಎಲ್ಲ ಎಲೆಕ್ಟ್ರಿಕ್ ಗಾಡಿ ಬರುತ್ತವೆ, ಸದ್ದೇ ಇರಲ್ಲ ಅನ್ನುವವರಿದ್ದಾರೆ. ವೇಗವಾಗಿ ಓಡುವ ರಸ್ತೆಯಲ್ಲಿ ಕಾರಿನ ಎಂಜಿನ್ನಿಗಿಂತ ಟೈರಿನ ಸದ್ದೇ ಜಾಸ್ತಿ, ಅದು ಎಲ್ಲಿಗೆ ಹೋಗುತ್ತದೆ?

*

ಮೇಲೆ ಕೊನೆಗಟ್ಟುವ ಬೀದಿ ಒಳ್ಳೆಯದು ಅಂದಿದ್ದಾರೆ. ಒಪ್ಪುತ್ತೇನೆ, ಆದರೆ ಆ ಬೀದಿ ಯಾವ ಕಡೆಗೆ ಇಳಿಜಾರಾಗಿದೆ ನೋಡಿ. ನಮ್ಮದು ಕೊನೆಯ ಮನೆ, ತಗ್ಗಿನಲ್ಲಿ. ಇಡೀ ಬೀದಿಯ ಮಳೆನೀರು ನಮ್ಮ ಗೇಟಿಗೆ ಬಂದು ನಿಲ್ಲುತ್ತದೆ. ಜೋರು ಮಳೆ ಬಂದ ಮಾರನೇ ದಿನ ಹೋಗಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಹಳೆ ಮನೆಯಾದರೆ ಗೋಡೆಯ ಬುಡದಲ್ಲಿ ಬಿಳಿ ಪುಡಿ ಉಕ್ಕಿದೆಯಾ ಅಂತ ನೋಡಿ, ಒಳಗಿನ ತೇವ ಒಣಗುವಾಗ ಉಳಿಸಿ ಹೋಗುವ ಉಪ್ಪು ಅದು. ಬುಡದಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಇನ್ನೂ ಹುಷಾರು. ಕೂದಲೆಳೆಯಂಥ ಬಿರುಕಿಗೆ ಹೆದರಬೇಡಿ. ಕಿಟಕಿ ಮೂಲೆಯಿಂದ ಓರೆಯಾಗಿ, ಇಟ್ಟಿಗೆ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋದ ಅಗಲದ ಬಿರುಕು ಕಂಡರೆ ಮಾತ್ರ ಎಂಜಿನಿಯರ್ ಕರೆದುಕೊಂಡು ಹೋಗಿ, ಅದು ಪಾಯ ಕುಸಿದ ಗುರುತಿರಬಹುದು. ಅವರಿಗೆ ಕೊಡುವ ಫೀಸು ದೊಡ್ಡದು ಅಂತ ಅನ್ನಿಸಿದರೆ ಸಾಲದ ಕಂತು ಎಷ್ಟು ವರ್ಷ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

*

ಎಲ್ಲರೂ ಮನೆಯ ಬಗ್ಗೆ ಹೇಳುತ್ತಿದ್ದೀರಿ, ನಾನು ಅಮ್ಮನ ಬಗ್ಗೆ ಹೇಳುತ್ತೇನೆ. ನಮ್ಮ ಹಳೆ ಬೀದಿಯಲ್ಲಿ ಗಲಾಟೆ ಇತ್ತು, ಆದರೆ ಅಮ್ಮ ಬಾಗಿಲಲ್ಲಿ ಕೂತರೆ ಸಾಕು, ಹತ್ತು ಜನ ಮಾತಾಡಿಸಿ ಹೋಗುತ್ತಿದ್ದರು. ಹೊಸ ಮನೆಗೆ ಬಂದ ಮೇಲೆ ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ, ಅಕ್ಕಪಕ್ಕದ ಮನೆಗಳಿಗೆಲ್ಲ ಬೀಗ. ಹಾಲು, ಮಾತ್ರೆ, ಡಾಕ್ಟರು, ಯಾವುದಕ್ಕೂ ನಡೆದು ಹೋಗುವಂತಿಲ್ಲ, ಗಾಡಿಯೇ ಬೇಕು, ಗಾಡಿ ಬೇಕೆಂದರೆ ನಾವು ಬರಬೇಕು. ಒಂದು ದಿನ ಬೇಗ ಬಂದೆ, ಅಮ್ಮ ರೇಡಿಯೋ ಜೋರಾಗಿ ಹಚ್ಚಿಟ್ಟು ಒಳಗೆ ಮಲಗಿದ್ದರು. ಯಾಕಮ್ಮ ಅಂದರೆ, ಮನೇಲಿ ಯಾರೋ ಇದ್ದ ಹಾಗಿರಲಿ ಅಂತ, ಅಂದರು. ನಾವು ದುಡ್ಡು ಕೊಟ್ಟು ತಗೊಂಡ ನಿಶ್ಶಬ್ದ ಅದು.

ಆಮೇಲೆ ಹತ್ತು ನಿಮಿಷ ನಡೆದರೆ ಸಿಗುವ ಒಂದು ಪಾರ್ಕ್ ಹುಡುಕಿದೆವು, ಸಂಜೆ ಅಲ್ಲಿ ನಾಲ್ಕು ಜನ ಹಿರಿಯರು ಸೇರುತ್ತಾರೆ, ಈಗ ಪರವಾಗಿಲ್ಲ. ನೀವು ಮನೆ ನೋಡಲು ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಗೇಟಿನಿಂದ ಅಂಗಡಿಯವರೆಗೆ ಅವರ ಜೊತೆ ನಡೆದು ನೋಡಿ, ಗಾಡಿಯಲ್ಲಲ್ಲ. ಫುಟ್‌ಪಾತ್ ಇದೆಯಾ, ಬೀದಿದೀಪ ಉರಿಯುತ್ತದಾ, ಅವರಿಗೇ ಗೊತ್ತಾಗುತ್ತದೆ.

*

ಲೆಕ್ಕ ಒಂದು ಹಾಕಿ. ಈಗಿನ ಮನೆಗಿಂತ ಕೆಲಸಕ್ಕೆ ಒಂದು ಕಡೆಗೆ 40 ನಿಮಿಷ ಜಾಸ್ತಿ ಅಂದರೆ ದಿನಕ್ಕೆ 80 ನಿಮಿಷ. ವರ್ಷಕ್ಕೆ 240 ದಿನ ಹೋದರೆ 320 ಗಂಟೆ, ಅಂದರೆ ಹದಿಮೂರು ದಿನ ಹಗಲೂ ರಾತ್ರಿ ರಸ್ತೆಯಲ್ಲೇ ಕೂತ ಹಾಗೆ. ಇದನ್ನು ಹೇಳಿದ ನಾನೂ ಅಲ್ಲೇ ಇದ್ದೇನೆ, ಮಾರಿಲ್ಲ. ಮಗ ಬೀದಿಯಲ್ಲಿ ಸೈಕಲ್ ಕಲಿತ, ನಾನು ಹಿಂದೆ ಓಡಲಿಲ್ಲ, ಗೇಟಲ್ಲಿ ನಿಂತು ನೋಡಿದೆ. ಅದಕ್ಕೆ ಬೆಲೆ ಎಷ್ಟು ಅಂತ ನೀವೇ ನಿರ್ಧರಿಸಬೇಕು. ಸುಮ್ನೆ ಹೆದರಬೇಡಿ, ಆದರೆ ಸಾಧ್ಯವಾದರೆ ಮೊದಲು ಅದೇ ಬೀದಿಯಲ್ಲಿ ಆರು ತಿಂಗಳು ಬಾಡಿಗೆಗೆ ಇದ್ದು ನೋಡಿ.

*

ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಬುಧವಾರ ಬೆಳಿಗ್ಗೆ ರಜೆ ಹಾಕಿ ಅಮ್ಮನ ಜೊತೆ ಹೋಗಿದ್ದೆ. ಒಳದಾರಿ ಅಲ್ಲ, ಅದು ಸಮಾಧಾನ. ಆದರೆ ನಾವು ನೋಡಿದ ಮನೆಯ ಎಡಕ್ಕೆ ಮೂರು ಸೈಟು ಖಾಲಿ, ಬೀದಿ ಕೊನೆಯಲ್ಲಿ ತಂತಿ ಬೇಲಿ. ಪ್ಲಾನಿನಲ್ಲಿ ಬೇಲಿಯ ಆಚೆ ದೊಡ್ಡ ರಸ್ತೆ ಬರೆದಿದೆ. ಅಮ್ಮ ಮಾತ್ರ ಎರಡು ಬೀದಿ ಈಚೆಗೆ ಒಂದು ಮನೆ ಮುಂದೆ ನಿಂತು ಅಲ್ಲಿನ ಅಜ್ಜಿಯ ಹತ್ತಿರ ಅರ್ಧ ಗಂಟೆ ಮಾತಾಡಿದರು. ಅಂಗಡಿಗೆ ಅಲ್ಲಿಂದ ನಾಲ್ಕು ನಿಮಿಷ, ಅಮ್ಮನ ನಡಿಗೆಯಲ್ಲೇ. ಆ ಬೀದಿಯಲ್ಲಿ ಮಾರಾಟಕ್ಕೆ ಏನೂ ಇಲ್ಲ, ಮಹಡಿ ಮನೆ ಒಂದು ಬಾಡಿಗೆಗಿದೆ. ನಾಳೆ ಸಂಜೆ ನೋಡಲು ಹೋಗುತ್ತಿದ್ದೇವೆ.