ಮೇವಿನ ಸ್ಯಾಂಪಲ್: ಮಾದರಿನಾ, ನಮೂನೆನಾ, ಇನ್ನೇನಾದ್ರೂ ಇದ್ಯಾ?

ಎಲ್ರಿಗೂ ನಮಸ್ಕಾರ. ಹಸು ಸಾಕೋರಿಗೆ ಅಂತ ಒಂದು ಸಣ್ಣ ಕರಪತ್ರ ಬರೀತಿದೀನಿ, ಮೇವನ್ನ ಲ್ಯಾಬಿಗೆ ಕೊಟ್ಟು ಪ್ರೋಟೀನ್ ಎಷ್ಟಿದೆ ನಾರು ಎಷ್ಟಿದೆ ನೋಡಿಸ್ಬೇಕಾದ್ರೆ ಹೆಂಗೆ ಎತ್ಕೊಂಡು ಬರ್ಬೇಕು ಅನ್ನೋದ್ರ ಬಗ್ಗೆ. ಕೆಲವು ಪದಗಳ ಹತ್ರ ಬಂದು ನಿಂತ್ಬಿಟ್ಟಿದೀನಿ, ನಿಮ್ಮ ಕಡೆ ಏನಂತಾರೆ ಹೇಳಿ.

ಮೊದ್ಲು ಸ್ಯಾಂಪಲ್ಲೇ. ಕೃಷಿ ಪುಸ್ತಕಗಳಲ್ಲಿ ಮಾದರಿ ಅಂತಿರುತ್ತೆ, ಮಣ್ಣಿನ ಮಾದರಿ ಅನ್ನೋದು ರೂಢಿಗೂ ಬಂದಿದೆ. ಆದ್ರೆ ಊರಲ್ಲಿ ಮಾದರಿ ಅಂದ್ರೆ ಮಾದರಿ ರೈತ, ಮಾದರಿ ಶಾಲೆ, ಅಂದ್ರೆ ಇರೋದ್ರಲ್ಲೇ ಚೆನ್ನಾಗಿರೋದು. ಹಂಗಾಗಿ ಮೇವಿನ ಮಾದರಿ ತನ್ನಿ ಅಂದ್ರೆ ಸೊಂಪಾಗಿ ಬೆಳೆದಿರೋ ನೇಪಿಯರ್ ಹುಲ್ಲಿನ ಬುಡ ಹುಡುಕಿ, ಅದ್ರಲ್ಲೂ ಎಲೆ ತುಂಬಿರೋ ತುದಿನೇ ಕೊಯ್ಕೊಂಡು ಬರ್ತಾರೆ. ಪ್ರೋಟೀನ್ ಎಲೇಲಿ ಜಾಸ್ತಿ ದಂಟಲ್ಲಿ ಕಮ್ಮಿ, ರಿಪೋರ್ಟ್ ಭರ್ಜರಿಯಾಗೇ ಬರುತ್ತೆ, ಹಸು ದಿನಾ ತಿನ್ನೋದು ಮಾತ್ರ ಬುಡದಿಂದ ಕೊಯ್ದ ದಂಟು ಸೇರಿದ ಮೇವು! ನಮೂನೆ ಅನ್ನೋಣ ಅಂದ್ರೆ ಪಂಚಾಯ್ತಿಯ ನಮೂನೆ 9, ನಮೂನೆ 11 ನೆನಪಾಗಿ ಯಾವ್ದೋ ಫಾರಂ ತುಂಬ್ಬೇಕೇನೋ ಅನ್ಕೋತಾರೆ. ಧಾರವಾಡದ ಕಡೆ 'ಒಂದ್ ನಮೂನಿ' ಅಂದ್ರಂತೂ ಒಂಥರಾ ವಿಚಿತ್ರ ಅಂತ, ಅದರ ಕಥೆನೇ ಬೇರೆ. ನನಗೇನೋ ಸ್ಯಾಂಪಲ್ ಅಂತಾನೇ ಬಿಡೋದು ವಾಸಿ ಅನ್ಸುತ್ತೆ, ಎಪಿಎಂಸಿಲಿ ಎಲ್ರೂ ಅದನ್ನೇ ಅನ್ನೋದು, ಇದ್ರಲ್ಲಿ ಮಡಿ ಬೇಡ.

ಎರಡನೇದು ಇನ್ನೂ ಕಷ್ಟ. ಹತ್ತಾರು ಕಡೆಯಿಂದ ಎತ್ತಿ ಒಟ್ಟಿಗೆ ಕಲಸಿದ ಸ್ಯಾಂಪಲ್‌ಗೆ ಏನನ್ನೋಣ? ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು, ಬಣವೆಗೆ ಆ ಲೆಕ್ಕ ನಡಿಯಲ್ಲ, ಯಾಕಂದ್ರೆ ಮೇಲಿನ ಹುಲ್ಲು ಬಿಸ್ಲು ಮಳೆಗೆ ಬಣ್ಣ ಹೋಗಿ ಒಳಗಿಂದು ಬೇರೆ ಥರಾನೇ ಇರುತ್ತೆ. ಅದಕ್ಕೇ 15-20 ಕಡೆ ಕೈ ಹಾಕಿ ಒಳಗಿಂದಾನೂ ಒಂದೊಂದು ಹಿಡಿ ಎಳೀಬೇಕು, ಟಾರ್ಪಾಲ್ ಮೇಲೆ ಸುರೀಬೇಕು, ಸಣ್ಣಕೆ ಕತ್ತರಿಸಿ ಕಲಸಿ ದುಂಡಗೆ ಹರಡಿ ನಾಲ್ಕು ಪಾಲು ಮಾಡ್ಬೇಕು, ಎದುರು ಬದುರಿನ ಎರಡು ಪಾಲು ತೆಗೆದ್ಹಾಕಿ ಉಳಿದಿದ್ದನ್ನ ಮತ್ತೆ ಕಲಸಿ ಮತ್ತೆ ನಾಲ್ಕು ಪಾಲು, ಹಿಂಗೇ ಅರ್ಧ ಕೇಜಿಗೆ ಇಳಿಯೋವರ್ಗೂ. ಕತ್ತರಿಸ್ವಾಗ ಉದುರೋ ಎಲೆ ಪುಡಿನ ಬಿಡಬಾರ್ದು, ಸತ್ವ ಇರೋದೇ ಅದ್ರಲ್ಲಿ. ರಸಮೇವಾದ್ರೆ (ಗಾಳಿ ಆಡದ ಹಾಗೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿಮೇವು, ಸೈಲೇಜ್) ಕವರಿಂದ ಗಾಳಿ ಪೂರ್ತಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟಿ ತಣ್ಣಗಿಟ್ಕೊಂಡು ತಲುಪಿಸ್ಬೇಕು. ಇಷ್ಟೆಲ್ಲಾ ಮಾಡಿದ ಸ್ಯಾಂಪಲ್ಲಿಗೆ ಪ್ರಾತಿನಿಧಿಕ ಮಾದರಿ ಅಂದ್ರೆ ಎಲೆಕ್ಷನ್ ವಾಸನೆ ಬರುತ್ತೆ, ಬೆರಕೆ ಅಂದ್ರೆ ಕಲಬೆರಕೆ ಅನ್ಕೋತಾರೆ. 'ಕೂಡು ಸ್ಯಾಂಪಲ್' ಅಂತ ಬರೆದಿದೀನಿ, ನಡಿಯುತ್ತಾ?

ಆಮೇಲೆ ರಿಪೋರ್ಟಲ್ಲಿ ಬರೋ 'ಕಚ್ಚಾ ಪ್ರೋಟೀನ್'. ಕಚ್ಚಾ ಎಣ್ಣೆ ಥರ ಶುದ್ಧ ಮಾಡ್ದೇ ಇರೋದು ಅಂತ ಕೇಳಿಸುತ್ತೆ. ಲ್ಯಾಬಲ್ಲಿ ಅಳೆಯೋದು ನೈಟ್ರೋಜನ್ನು, ಅದನ್ನ 6.25ರಿಂದ ಗುಣಿಸಿ ಪ್ರೋಟೀನ್ ಇಷ್ಟು ಅಂತಾರೆ. ಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿದ್ರೂ ಈ ಅಂಕಿ ಮೇಲೇರುತ್ತೆ, ಅದು ಪ್ರೋಟೀನೇ ಅಲ್ದಿದ್ರೂನು. ಹಂಗಾಗಿ 'ಒಟ್ಟು ಪ್ರೋಟೀನ್' ಅನ್ನೋದು ಕೂಡ ಪೂರ್ತಿ ಸರಿ ಅಲ್ಲ, 'ಅಂದಾಜು ಪ್ರೋಟೀನ್' ಅಂದ್ರೆ ಹೆಂಗೆ? ಶುಷ್ಕ ಪದಾರ್ಥಕ್ಕೆ, ಅಂದ್ರೆ ಮೇವಿನ ನೀರೆಲ್ಲಾ ಹೋದ್ಮೇಲೆ ಉಳಿಯೋದಕ್ಕೆ, 'ಒಣತೂಕ' ಅಂತ ಹಾಕಿದೀನಿ. 100 ಕೇಜಿ ಹಸಿ ನೇಪಿಯರಲ್ಲಿ ಒಣತೂಕ 20 ಕೇಜಿ ಇದ್ದು ರಿಪೋರ್ಟಲ್ಲಿ ಪ್ರೋಟೀನ್ 8% ಅಂತಿದ್ರೆ ಅದು ಆ 20ರ ಮೇಲಿನ ಲೆಕ್ಕ, ಅಂದ್ರೆ ಬರೀ 1.6 ಕೇಜಿ. ಈ ಪದ ಅರ್ಥ ಆಗ್ಲಿಲ್ಲ ಅಂದ್ರೆ ರೈತರು 8 ಕೇಜಿ ಅಂತ ಲೆಕ್ಕ ಹಾಕ್ಕೊಂಡು ಹಿಂಡಿ ಕಮ್ಮಿ ಮಾಡ್ಬಿಡ್ತಾರೆ.

ಉತ್ತರ ಕರ್ನಾಟಕದವರು ಇನ್ನೊಂದು ಹೇಳ್ಬೇಕು: ಜೋಳದ ಕಣಿಕೆ, ಸೊಪ್ಪೆ ಎರಡೂ ಒಂದೇನಾ, ಇಲ್ಲಾ ತೆನೆ ಮುರಿದ ಮೇಲೆ ಉಳಿದ ದಂಟಿಗೆ ಒಂದು, ಕತ್ತರಿಸಿದ್ದಕ್ಕೆ ಒಂದು ಅಂತ ಇದ್ಯಾ? ಮತ್ತೆ ಮಂಡಿಲಿ ಮೂಟೆಗೆ ಚುಚ್ಚಿ ಕಾಳು ಹೊರಗೆ ತೆಗೀತಾರಲ್ಲ, ಆ ತುದಿ ಚೂಪಾದ ಕೊಳವೆಗೆ ನಿಮ್ಮೂರಲ್ಲಿ ಏನಂತಾರೆ? ಬೂಸಾ ಚೀಲದಿಂದ ಸ್ಯಾಂಪಲ್ ತೆಗಿಯೋಕೂ ಅದೇ ಬೇಕು, ಹೆಸರಿನ ಜಾಗ ಖಾಲಿ ಬಿಟ್ಟಿದೀನಿ.