ಚೈನ್ ಪುಲ್ಲಿಯ ಬೀಮ್ ಬಾಗಿದೆ, ವೆಲ್ಡ್ ಸೀಳಿದೆ. ಆದರೆ ಲೋಡ್ ಇದ್ದದ್ದು 500 ಕೆ.ಜಿ. ಮಾತ್ರ!

ಭೋಸರಿ ಶೆಡ್:
ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿಯಲ್ಲಿ ನಮ್ಮದು ಮೋಟರ್ ರಿಪೇರಿಯ ಸಣ್ಣ ಶೆಡ್. ಐಎಸ್‌ಎಂಬಿ 150 ಬೀಮ್ (150 ಮಿ.ಮೀ. ಎತ್ತರದ, ಇಂಗ್ಲಿಷ್ ‘ಐ’ ಆಕಾರದ ಸ್ಟೀಲ್ ತೊಲೆ), ಕಂಬದಿಂದ ಕಂಬಕ್ಕೆ 3 ಮೀಟರ್, ನಟ್ಟನಡುವೆ 1 ಟನ್ನಿನ ಚೈನ್ ಪುಲ್ಲಿ. ಮೊನ್ನೆ 500 ಕೆ.ಜಿ.ಯ ಮೋಟರನ್ನು ಮರದ ದಿಮ್ಮಿಯ ಮೇಲೆ ಇಟ್ಟಿದ್ದರು. ಚೈನ್ ಸಡಿಲ ಇತ್ತು. ದಿಮ್ಮಿ ಜಾರಿ ಮೋಟರ್ ನಾಲ್ಕು ಇಂಚು ಕೆಳಗೆ ಬಿತ್ತು, ಚೈನ್ ಬಿಗಿದು ಧಡ್ ಅಂತ ನಿಂತಿತು. ದೇವರ ದಯೆ, ಯಾರಿಗೂ ಪೆಟ್ಟಾಗಿಲ್ಲ.

ಈಗ ಬೀಮ್ ನಡುವೆ 4 ಮಿ.ಮೀ. ತಗ್ಗಿದೆ. ಒಂದು ಕಂಬದ ಬ್ರಾಕೆಟ್ ವೆಲ್ಡ್ ಸೀಳು ಬಿಟ್ಟಿದೆ. ಲೆಕ್ಕ ಹಾಕಿದರೆ ಈ ಬೀಮ್ 2 ಟನ್ ಆರಾಮಾಗಿ ತಡೆಯಬೇಕು. ಸ್ಟೀಲೇ ಕಳಪೆಯಾ? ಇಲ್ಲಿ ಒಬ್ಬರು ಐಎಸ್‌ಎಂಬಿ 200 ಹಾಕಿಬಿಡಿ, ಚಿಂತೆ ಇಲ್ಲ ಅಂತಾರೆ. ಹಾಕಲಾ?

ಡೊಂಬಿವಲಿ ಸ್ಟ್ರಕ್ಚರಲ್:
ಸ್ಟೀಲಿನ ಮೇಲೆ ಅನುಮಾನ ಬೇಡ ಸರ್. ನೀವು ಹಾಕಿದ್ದು ಸುಮ್ಮನೆ ತೂಗುವ ಲೋಡಿನ ಲೆಕ್ಕ. ಬಿದ್ದ ಲೋಡಿನದು ಬೇರೆ.

500 ಕೆ.ಜಿ. ಮೆಲ್ಲಗೆ ತೂಗಿದರೆ ನಿಮ್ಮ ಬೀಮ್ ಬಾಗುವುದು 1.9 ಮಿ.ಮೀ., ಸ್ಟ್ರೆಸ್ (ಸ್ಟೀಲಿನ ಪ್ರತಿ ಚದರ ಮಿ.ಮೀ. ಮೇಲೆ ಬೀಳುವ ಬಲ) ಸುಮಾರು 38 ಎಂಪಿಎ. ಸಾಮಾನ್ಯ ಇ250 ಸ್ಟೀಲಿನ ಯೀಲ್ಡ್, ಅಂದರೆ ಬಾಗಿದ್ದು ಮತ್ತೆ ನೇರವಾಗದ ಮಟ್ಟ, 250. ತುಂಬಾ ಸುರಕ್ಷಿತ, ಅಲ್ವಾ? ಅದೇ ತೂಕವನ್ನು ಒಂದಿಷ್ಟೂ ಬೀಳಿಸದೆ, ಒಮ್ಮೆಲೇ ಕೈಬಿಟ್ಟರೂ ಎಳೆತ ಎರಡರಷ್ಟಾಗುತ್ತದೆ. ಬಿದ್ದರೆ ಸೂತ್ರ ಹೀಗೆ: ಬಿದ್ದ ಎತ್ತರದ ಎರಡರಷ್ಟನ್ನು ಮೆಲ್ಲಗಿನ ಲೋಡಿಗೆ ಬೀಮ್ ಬಾಗುವ ಅಳತೆಯಿಂದ (ನಿಮ್ಮದಕ್ಕೆ 1.9) ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆದು, ಮತ್ತೆ 1 ಕೂಡಿಸಿ. ನಾಲ್ಕು ಇಂಚು, ಅಂದರೆ ಸುಮಾರು 100 ಮಿ.ಮೀ. ಬಿದ್ದರೆ ಬರುವ ಗುಣಕ 11.3. ಅಂದರೆ ನಿಮ್ಮ 500 ಕೆ.ಜಿ. ಮೋಟರ್ 5.6 ಟನ್ನಿನಂತೆ ಎಳೆಯಲು ನೋಡಿದೆ. ಲೆಕ್ಕದ ಸ್ಟ್ರೆಸ್ 430ರ ಆಸುಪಾಸು ಬರುತ್ತದೆ. ಚೈನ್ ಸ್ವಲ್ಪ ಹಿಗ್ಗುವುದರಿಂದ ನಿಜದಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ. ಆದರೂ ಯೀಲ್ಡ್ ಮೀರಿದೆ, ಅದಕ್ಕೇ 4 ಮಿ.ಮೀ. ಉಳಿದುಕೊಂಡಿತು.

ಇನ್ನು ಐಎಸ್‌ಎಂಬಿ 200. ದಯವಿಟ್ಟು ಅವಸರ ಮಾಡಬೇಡಿ. ಅದು ಮೆಲ್ಲಗಿನ ಲೋಡಿಗೆ 0.6 ಮಿ.ಮೀ. ಮಾತ್ರ ಬಾಗುತ್ತದೆ. ಅದೇ ಸೂತ್ರಕ್ಕೆ ಹಾಕಿ ನೋಡಿ: ಗುಣಕ 19, ಎಳೆತ 9.5 ಟನ್, ಸ್ಟ್ರೆಸ್ 310ರ ಮೇಲೆ. ಬೀಮ್ ದಪ್ಪ ಮಾಡಿದ್ದಕ್ಕೆ ಸ್ಟ್ರೆಸ್ ಸ್ವಲ್ಪ ಇಳಿಯಿತು, ಆದರೆ ಚೈನ್, ಕೊಕ್ಕೆ, ಬೋಲ್ಟ್, ವೆಲ್ಡ್ ಮೇಲಿನ ಎಳೆತ ಜಾಸ್ತಿಯಾಯಿತು. ನಿಮ್ಮಲ್ಲಿ ಮೊದಲು ಸೋತದ್ದೇ ವೆಲ್ಡ್!

ಭೋಸರಿ ಶೆಡ್:
ಅಂದರೆ ಬೀಮ್ ಬಾಗಿದ್ದೇ ಒಳ್ಳೆಯದಾಯಿತಾ?

ಡೊಂಬಿವಲಿ ಸ್ಟ್ರಕ್ಚರಲ್:
ಹೌದು. ಬೀಮ್ ಬಾಗತೊಡಗಿದ ಮೇಲೆ ಅದರೊಳಗಿನ ಬಲ ಹೆಚ್ಚು ಏರುವುದಿಲ್ಲ, ಬಿದ್ದ ಶಕ್ತಿ ಬಾಗುವುದರಲ್ಲಿ ಖರ್ಚಾಗುತ್ತದೆ. ದಿಢೀರ್ ಲೋಡಿಗೆ ಬೇಕಾದದ್ದು ಬರೀ ಬಲವಲ್ಲ, ಮುರಿಯದೆ ಹಿಗ್ಗುವ ಗುಣ. ಇ250 ಸ್ಟೀಲ್ ಮುರಿಯುವ ಮೊದಲು ನೂರಕ್ಕೆ 23ರಷ್ಟಾದರೂ ಹಿಗ್ಗಬೇಕು.

ಇನ್ನೊಂದು ವಿಷಯ. ವೇಗವಾಗಿ ಎಳೆದಾಗ ಸಾದಾ ಸ್ಟೀಲಿನ ಯೀಲ್ಡ್ ಏರುತ್ತದೆ, ನಿಮ್ಮಂಥ ಪೆಟ್ಟಿನಲ್ಲಿ ಶೇಕಡಾ 30ರ ಆಸುಪಾಸು. ಲಾಭ ಅನ್ನಿಸಬಹುದು. ಆದರೆ ಮುರಿಯುವ ಮಟ್ಟ ಅಷ್ಟು ಏರುವುದಿಲ್ಲ, ನಡುವಿನ ಅಂತರ ಕುಗ್ಗುತ್ತದೆ. ಬೀಮ್ ತಡವಾಗಿ ಬಾಗಿದಷ್ಟೂ ಜಾಯಿಂಟಿಗೆ ಹೊರೆ.

1994ರ ಜನವರಿ 17ರಂದು ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್ ಭೂಕಂಪದಲ್ಲಿ ಇದೇ ಪಾಠ ಸಿಕ್ಕಿತು. ಬೀಮ್‌ಗಳು ಬಾಗಿ ತಡೆಯುತ್ತವೆ ಅಂತ ಕಟ್ಟಿದ ಸ್ಟೀಲ್ ಕಟ್ಟಡಗಳಲ್ಲಿ ಬೀಮ್ ಮತ್ತು ಕಂಬ ಸೇರುವ ವೆಲ್ಡ್‌ಗಳು ಬಿರುಕು ಬಿಟ್ಟಿದ್ದವು. ಆಮೇಲೆ ಬಂದ ಪರಿಹಾರಗಳಲ್ಲಿ ಒಂದು ನನಗೆ ಬಹಳ ಇಷ್ಟ: ಕಂಬದಿಂದ ಸ್ವಲ್ಪ ಆಚೆ ಬೀಮಿನ ಫ್ಲ್ಯಾಂಜನ್ನು (ಮೇಲಿನ, ಕೆಳಗಿನ ಅಗಲ ಪಟ್ಟಿಯನ್ನು) ಬೇಕಂತಲೇ ಕೊರೆದು ಕಿರಿದು ಮಾಡುವುದು. ಬಾಗುವುದಾದರೆ ಅಲ್ಲೇ ಬಾಗಲಿ, ವೆಲ್ಡ್ ಉಳಿಯಲಿ ಅಂತ.

ವಾಸ್ಕೊ ವೆಲ್ಡರ್:
ಗೋವಾದಿಂದ ಒಂದು ಮಾತು ಸೇರಿಸುತ್ತೇನೆ ಅಣ್ಣಾ. ಆ ಬ್ರಾಕೆಟ್ ವೆಲ್ಡ್ ಒಂದೇ ಬದಿ ಇದೆಯಾ? ಯಾವ ನಂಬರಿನ ವೆಲ್ಡಿಂಗ್ ರಾಡ್ ಹಾಕಿದ್ದರು?

ಭೋಸರಿ ಶೆಡ್:
ಒಂದೇ ಬದಿ. 6013. ಅಂಚಿನಲ್ಲಿ ತೋಡಿನಂಥ ಗೆರೆ ಕಾಣುತ್ತದೆ.

ವಾಸ್ಕೊ ವೆಲ್ಡರ್:
ಅದು ಅಂಡರ್‌ಕಟ್, ವೆಲ್ಡ್ ಮಾಡುವಾಗ ಅಂಚು ಕರಗಿ ತುಂಬದೆ ಉಳಿದ ತೋಡು. ಬಿರುಕು ಅಲ್ಲೇ ಶುರುವಾಗಿರುತ್ತದೆ. ಮೇಲೊಂದು ವೆಲ್ಡ್ ಎಳೆದು ಮುಚ್ಚಬೇಡಿ, ಒಳಗೆ ಬಿರುಕು ಹಾಗೇ ಉಳಿಯುತ್ತದೆ. ಗ್ರೈಂಡರ್‌ನಿಂದ ಪೂರ್ತಿ ಕೊರೆದು ತೆಗೆಯಿರಿ, ಡಿಪಿ ಟೆಸ್ಟ್ (ಬಿರುಕಿನೊಳಗೆ ಬಣ್ಣ ಇಳಿಸಿ ಅದನ್ನು ತೋರಿಸುವ ಪರೀಕ್ಷೆ) ಮಾಡಿ ಕೆಂಪು ಗೆರೆ ಬರುತ್ತಿಲ್ಲ ಅಂತ ನೋಡಿ, ಎರಡೂ ಬದಿ 7018ರಲ್ಲಿ ಹಾಕಿಸಿ. 7018 ವೆಲ್ಡ್ ಮೈನಸ್ 30 ಡಿಗ್ರಿಯಲ್ಲೂ 27 ಜೂಲ್ ಪೆಟ್ಟು ತಡೆಯಬೇಕು ಅಂತ ನಿಯಮ ಇದೆ. 6013ಕ್ಕೆ ಅಂಥ ಪರೀಕ್ಷೆಯೇ ಇಲ್ಲ. ರಾಡ್ ಒಣಗಿರಲಿ, ನಮ್ಮ ಕಡೆ ಮಳೆಗಾಲದಲ್ಲಿ ರಾಡ್ ಒಣಗಿಸುವ ಓವನ್ ಇಲ್ಲದೆ 7018 ಮುಟ್ಟುವುದೇ ಇಲ್ಲ.

ಭೋಸರಿ ಶೆಡ್:
ಬಾಗಿದ ಬೀಮನ್ನು ಜ್ಯಾಕ್ ಕೊಟ್ಟು ನೇರ ಮಾಡಿ ಮತ್ತೆ ಬಳಸಬಹುದಾ? ಹೊಸದಕ್ಕೆ ಸೆಕ್ಷನ್ ಯಾವುದು?

ಡೊಂಬಿವಲಿ ಸ್ಟ್ರಕ್ಚರಲ್:
ಎತ್ತುವ ಕೆಲಸಕ್ಕೆ ಬೇಡ. ಒಮ್ಮೆ ಬಾಗಿ ಮತ್ತೆ ನೇರ ಮಾಡಿದ ಜಾಗದಲ್ಲಿ ಹಿಗ್ಗುವ ಗುಣ ಕಡಿಮೆಯಾಗಿರುತ್ತದೆ. ಅದೇ ಐಎಸ್‌ಎಂಬಿ 150 ಹೊಸದು ತನ್ನಿ, ಇ250 ಬಿ0 ಕೇಳಿ. ಅದಕ್ಕೆ ಸೊನ್ನೆ ಡಿಗ್ರಿಯಲ್ಲಿ ಪೆಟ್ಟಿನ ಪರೀಕ್ಷೆ ಕಡ್ಡಾಯ, ‘ಎ’ ಗ್ರೇಡಿಗೆ ಇಲ್ಲ. ಟೆಸ್ಟ್ ಸರ್ಟಿಫಿಕೇಟ್ ಇಲ್ಲದೆ ದುಡ್ಡು ಕೊಡಬೇಡಿ.

ಚೈನ್ ಪುಲ್ಲಿಯನ್ನೂ ಇಳಿಸಿ. ಅದೇ ಎಳೆತ ಅದರ ಮೂಲಕವೇ ಹೋಗಿದೆ. ಕೊಕ್ಕೆಯ ಬಾಯಿ ಅಗಲವಾಗಿದ್ದರೆ ಅಥವಾ ಒಂದು ಕೊಂಡಿ ಉದ್ದವಾಗಿದ್ದರೂ ಗುಜರಿಗೆ ಹಾಕಿ. 2025ರವರೆಗೆ ಇದ್ದ ಫ್ಯಾಕ್ಟರಿ ಕಾಯ್ದೆಯಲ್ಲಿ ಎತ್ತುವ ಯಂತ್ರ, ಚೈನ್ ಎಲ್ಲವನ್ನೂ 12 ತಿಂಗಳಿಗೊಮ್ಮೆ ಅಧಿಕೃತ ವ್ಯಕ್ತಿಯಿಂದ ತಪಾಸಣೆ ಮಾಡಿಸಬೇಕು ಅಂತಿತ್ತು. ಈ ಪೆಟ್ಟಿನ ನಂತರ ಆ ದಿನಕ್ಕೆ ಕಾಯಬೇಡಿ, ಈಗಲೇ ಕರೆಸಿ.

ಕೋಡಿನ ಭರವಸೆಯಲ್ಲೂ ಇರಬೇಡಿ. ಕೈಯಿಂದ ನಡೆಸುವ ಕ್ರೇನಿಗೆ ಐಎಸ್ 875 (ಕಟ್ಟಡದ ಲೋಡುಗಳ ಭಾರತೀಯ ಕೋಡ್) ಪೆಟ್ಟಿಗಾಗಿ ಸೇರಿಸುವ ಲೋಡ್ ಶೇಕಡಾ 10 ಮಾತ್ರ. ಅದು ಎತ್ತಿಳಿಸುವಾಗಿನ ಜರ್ಕಿಗೆ, ನಾಲ್ಕು ಇಂಚು ಬೀಳುವುದಕ್ಕಲ್ಲ. ಹಾಗಾಗಿ ಬೀಳುವ ಎತ್ತರವನ್ನೇ ತೆಗೆಯಬೇಕು. ಮೋಟರ್ ಕೆಳಗೆ ದಿಮ್ಮಿ ಇದ್ದಷ್ಟು ಹೊತ್ತೂ ಚೈನ್ ಬಿಗಿಯಾಗಿಯೇ ಇರಲಿ.

ಭೋಸರಿ ಶೆಡ್:
ತುಂಬಾ ಥ್ಯಾಂಕ್ಸ್ ಸರ್, ಅಣ್ಣಾ. ಪುಲ್ಲಿ ಇಳಿಸಿ ನೋಡಿದೆ, ಕೊಕ್ಕೆಯ ಬಾಯಿ ತೆರೆದುಕೊಂಡಿದೆ. ಇನ್ನೊಂದು ಕಂಬದ ವೆಲ್ಡ್ ನೋಡೋಕೆ ಚೆನ್ನಾಗಿದೆ, ಅದಕ್ಕೂ ಡಿಪಿ ಮಾಡಿಸಲಾ?

ವಾಸ್ಕೊ ವೆಲ್ಡರ್:
ಖಂಡಿತ ಮಾಡಿಸಿ. ಅದೂ ಒಂದೇ ಬದಿಯ 6013 ಆಗಿದ್ದರೆ, ಬಿರುಕು ಕಾಣದಿದ್ದರೂ ತೆಗೆದು ಹೊಸದಾಗಿ ಹಾಕಿಸಿ.